ಮಡಿ ಹೆಡ್‌ಫೋನು

ನನ್ನ ಕೈಯಿಂದ ಈ ಲೋಕಕ್ಕೆ ಸಂದ ಉಪಕಾರಗಳು ಹೆಚ್ಚಿಲ್ಲ. ಅವುಗಳಲ್ಲಿ ನಾನು ಬಹುಕಾಲ ಹೆಮ್ಮೆಪಟ್ಟುಕೊಂಡದ್ದು ಒಂದು ಬಿಸ್ಕಿಟ್ ಡಬ್ಬಿಯ ಬಗ್ಗೆ. ಡಬ್ಬಿಯಲ್ಲಿ ಬಿಸ್ಕಿಟ್ ಇರಲಿಲ್ಲ. ನಾನೇ ಕೂತು ಸುತ್ತಿದ ಮೂರು ತಂತಿಯ ಸುರುಳಿಗಳು, ನಾಲ್ಕು ಕಂಡೆನ್ಸರುಗಳು, ಅವು ಅಲುಗಾಡದ ಹಾಗೆ ಸುರಿದ ಮೇಣ, ಇಷ್ಟು ಇದ್ದವು. ಇದಕ್ಕೆ ಫಿಲ್ಟರ್ ಎಂದು ಹೆಸರು. ಜರಡಿ ತೌಡನ್ನು ಮೇಲೆ ಹಿಡಿದುಕೊಂಡು ಹಿಟ್ಟನ್ನು ಕೆಳಗೆ ಬಿಡುವಂತೆ ಇದು ಬೇಡದ ಸದ್ದನ್ನು ತಡೆದು ಬೇಕಾದ ಸದ್ದನ್ನು ಕಿವಿಗೆ ಬಿಡಬೇಕು. ಬಿಡುತ್ತಲೂ ಇತ್ತು. ಅದರ ಬಗ್ಗೆ ಈಗ ನನಗೆ ಹೆಮ್ಮೆಯಿಲ್ಲ, ಯಾಕೆಂಬುದನ್ನು ಬರೆದಿಡುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ಸರಕಾರ ಅಲ್ಲಿಯವರೆಗೆ ಜನರನ್ನು ಎಣಿಸುತ್ತಿತ್ತು, ದನಗಳನ್ನು ಎಣಿಸುತ್ತಿತ್ತು. ಯುದ್ಧ ಬಂದ ಮೇಲೆ ಮಿಂಚನ್ನೂ ಎಣಿಸಬೇಕೆಂದು ಅದಕ್ಕೆ ತೋಚಿತು. ದೂರದಲ್ಲೆಲ್ಲೋ ಮಿಂಚು ಹೊಡೆದರೆ ಇಲ್ಲಿ ಕಟ್ಟಿದ ತಂತಿಯಲ್ಲಿ ಚಟ್ ಎಂದು ಒಂದು ಸಣ್ಣ ಸದ್ದು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರಿನಿಂದ ದೊಡ್ಡದು ಮಾಡಿ ಹೆಡ್‌ಫೋನಿನಲ್ಲಿ ಕೇಳಬಹುದು. ನಿಮಿಷಕ್ಕೆ ಎಷ್ಟು ಚಟ್ ಎಂದು ಎಣಿಸಿ ತಿಳಿಸಿದರೆ, ಗುಡುಗು ಮಳೆ ಬರುತ್ತದೋ ಇಲ್ಲವೋ ಎಂಬುದು ವಿಮಾನದವರಿಗೆ ಮೊದಲೇ ಗೊತ್ತಾಗುತ್ತದೆ. ಈ ಘನಕಾರ್ಯಕ್ಕಾಗಿ ಪುಣೆಯ ಹೊರಗೆ, ಆಗ ಬರೀ ಹಳ್ಳಿಯಾಗಿದ್ದ ಧನಕವಡಿಯ ಆಚೆ, ಕಾತ್ರಜ್ ಘಾಟಿನತ್ತ ಮುಖಮಾಡಿದ ಒಂದು ದಿಬ್ಬದ ಮೇಲೆ ತಗಡಿನ ಗುಡಿಸಲು ಹಾಕಿದ್ದರು. ಗುಡಿಸಲಿನಿಂದ ಹೊರಟ ತಂತಿಯ ಇನ್ನೊಂದು ತುದಿಯನ್ನು ಕಟ್ಟಲು ಸುತ್ತಮುತ್ತ ಸಿಕ್ಕಿದ್ದು ಒಂದೇ ಒಂದು ಅರಳಿಮರ. ನಮ್ಮ ಶಿಪಾಯಿ, ಅದೇ ಹಳ್ಳಿಯ ಮರಾಠಿ ಮುದುಕ, ಆ ಮರದಲ್ಲಿ ಮುಂಜ್ಯಾ ಇದ್ದಾನೆಂದು ಮೊದಲ ದಿನವೇ ಅಧಿಕೃತವಾಗಿ ತಿಳಿಸಿದ್ದ. ಮುಂಜಿಯಾಗಿ ಮದುವೆಯಾಗದೆ ಸತ್ತವರು ಹಾಗೆ ಅರಳಿಮರ ಸೇರುತ್ತಾರಂತೆ. ತಂತಿ ಕಟ್ಟುವ ಮುನ್ನ ಅವನೇ ಒಂದು ತೆಂಗಿನಕಾಯಿ ಒಡೆದ.

ಘಟ್ಟದ ಕಡೆಯಿಂದ ಪುಣೆಗೆ ಬರುವ ವಿದ್ಯುತ್ತಿನ ತಂತಿಗಳು ನಮ್ಮ ತಂತಿಯಲ್ಲಿ ಸದಾ ಗುಂಯ್ ಎನ್ನುತ್ತಿದ್ದವು. ಆ ಗುಂಯ್ ತೆಗೆಯಲಿಕ್ಕೇ ನನ್ನ ಬಿಸ್ಕಿಟ್ ಡಬ್ಬಿ. ಫಿಲ್ಟರ್ ಮಾಡುವ ವಿದ್ಯೆಯಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಲೆಕ್ಕ ಹಾಕುವಾಗಲೇ ಈ ಕಡೆ ಎಂಥ ಆಂಪ್ಲಿಫೈಯರ್, ಆ ಕಡೆ ಎಂಥ ಹೆಡ್‌ಫೋನ್ ಎಂದು ಗೊತ್ತುಮಾಡಿಕೊಂಡಿರಬೇಕು. ಹೆಡ್‌ಫೋನಿನ ರೋಧ ಎರಡು ಸಾವಿರ ಓಮ್ ಎಂದು ಮಾತಾದ ಮೇಲೆ ಎರಡು ಸಾವಿರ ಓಮೇ ಬರಬೇಕು. ಇದಕ್ಕೆ ಇಂಪಿಡೆನ್ಸ್ ಕೂಡಿಸುವುದು ಎನ್ನುತ್ತಾರೆ. ನಮ್ಮಲ್ಲಿ ಜಾತಕ ಕೂಡಿಸುತ್ತಾರಲ್ಲ, ಹಾಗೆ. ಕೂಡದಿದ್ದರೆ ಇವರು ಕಳಿಸಿದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದ ಸದ್ದು ಹಿಂದಕ್ಕೆ ಬಂದು ಸುರುಳಿಗೂ ಕಂಡೆನ್ಸರಿಗೂ ನಡುವೆ ತಿರುಗಾಡುತ್ತ ಉಳಿಯುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕ ಪಡೆದಿದ್ದೆ. ಅಂಕ ಪಡೆದ ವಿಷಯ ಮತ್ತೆ ನೆನಪಿಗೆ ಬರಬೇಕೆಂಬ ನಿಯಮವೇನೂ ಇಲ್ಲ.

ಗುಡಿಸಲಿನಲ್ಲಿ ನನ್ನ ಮೇಲಿನವರು ಒಬ್ಬರೇ, ಹಿರಿಯ ವೀಕ್ಷಕರು. ಬೆಳಗಾವಿಯ ಕಡೆಯವರು, ಐವತ್ತು ದಾಟಿದವರು, ಹಿಂದೆ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ನಾನು ಧಾರವಾಡದಿಂದ ಪುಣೆಗೆ ಓದಲು ಬಂದಾಗ ವಾರಾನ್ನದ ಹುಡುಗನಾಗಿದ್ದೆ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಗುರುವಾರ ಪೇಠೆಯೊಳಗೆ, ಹಲವು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ರಾಯರ ಮನೆ. ನೌಕರಿ ಸಿಕ್ಕ ಮೇಲೂ ಗುರುವಾರ ತಪ್ಪಲಿಲ್ಲ. ಅದು ರೂಢಿಯಾಗಿತ್ತು, ಸಾರೂ ಚೆನ್ನಾಗಿರುತ್ತಿತ್ತು.

ರಾಯರಿಗೆ ಒಬ್ಬನೇ ಮಗ. ಸರಕು ಹಡಗಿನ ಮೇಲೆ ವಾಯರ್‌ಲೆಸ್ ನೌಕರಿ. ರಜೆಗೆ ಬಂದಾಗ ಊಟಕ್ಕೆ ಕೂತರೂ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಉದ್ಧರಣೆ ಸಿಕ್ಕಿದರೆ ಉದ್ಧರಣೆ, ಚಮಚ ಸಿಕ್ಕಿದರೆ ಚಮಚ, ಅದರಿಂದ ತಾಟಿನ ಅಂಚಿಗೆ ಟಿಣ್ ಟಿಣ್ ಟಿಣ್ ಎಂದು ಮೂರು, ಸ್ವಲ್ಪ ತಡೆದು ಮತ್ತೊಂದು ಟಿಣ್. ಅವನ ತಾಯಿ ಬದುಕಿದ್ದಾಗ, "ಊಟಕ್ಕ ಕೂತೀಯೋ, ತಾರ್ ಮಾಡ್ಲಿಕ್ಕ ಕೂತೀಯೋ?" ಎಂದು ಗದರುತ್ತಿದ್ದರು. ಅದು ಯಾವ ಅಕ್ಷರವೂ ಅಲ್ಲ ಎಂದು ಅವನು ನಗುತ್ತಿದ್ದ. ತಾರಿನವರಿಗೆ ಒಬ್ಬೊಬ್ಬರಿಗೆ ಒಂದೊಂದು ಕೈ ಇರುತ್ತದಂತೆ. ಸಂದೇಶ ಶುರುವಾಗುವ ಮೊದಲು ಬೆರಳು ತನಗೆ ತಾನೇ ಹೀಗೆ ಬಡಿದುಕೊಳ್ಳುವುದು ಅವನ ಕೈ.

ಅವನಿದ್ದ ಹಡಗು ಎರಡು ವರ್ಷದಿಂದ ಯಾವ ಬಂದರಿಗೂ ಬಂದಿರಲಿಲ್ಲ. ಹಡಗಿನ ಕಂಪನಿಯಿಂದ ಕಾಗದ ಬಂದಿತ್ತು: ಮುಳುಗಿರಬೇಕೆಂದು ಭಾವಿಸಲಾಗಿದೆ. ರಾಯರು ಆ ಕಾಗದ ಓದಿ, ಮಾಜಿ ಮಾಸ್ತರರಾದ್ದರಿಂದ, "ಭಾವಿಸಲಾಗಿದೆ ಅಂದ್ರ ಉತ್ತರ ಗೊತ್ತಿಲ್ಲ ಅಂತ ಅರ್ಥ," ಎಂದು ಮಡಚಿಟ್ಟರು. ಬೆಳಗಾವಿಯಿಂದ ಅವರ ಅಣ್ಣ ತಿಂಗಳಿಗೊಂದು ಪತ್ರ ಬರೆಯುತ್ತಿದ್ದರು: ದೇಹ ಸಿಗದವರಿಗೆ ಮಾಡುವ ಹಾಗೆ ಮುತ್ತುಗದೆಲೆಯ ಪ್ರತಿಮೆ ಮಾಡಿ ಸುಟ್ಟು ಕರ್ಮ ಮುಗಿಸು, ಹುಡುಗನಿಗೆ ಸದ್ಗತಿಯಾಗಲಿ. ರಾಯರು ಒಪ್ಪಲಿಲ್ಲ. ಕರ್ಮವಾದರೆ ಮನೆಯಲ್ಲಿದ್ದ ಇಪ್ಪತ್ತೆರಡು ವರ್ಷದ ಸೊಸೆಯ ಹಣೆಯ ಕುಂಕುಮ ಅಳಿಸಬೇಕು. ಆಗದಿರುವ ತನಕ ಆಕೆ ಮುತ್ತೈದೆ. ಇಷ್ಟು ವಿಷಯ ವಾಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆಯ ಎದುರಿಗೆ ಯಾರೂ ಆಡುತ್ತಿರಲಿಲ್ಲ.

ಮಗನ ಸುದ್ದಿ ನಿಂತಂದಿನಿಂದ ರಾಯರು ಒಂದು ವ್ರತ ಹಿಡಿದಿದ್ದರು. ಮಧ್ಯಾಹ್ನ ಸ್ನಾನ ಮಾಡಿ, ಮಡಿಯುಟ್ಟು, ಸಾವಿರ ಜಪ. ಗುಡಿಸಲಿನ ಹಿಂದೆ ಬಾವಿಯಿತ್ತು, ಆದ್ದರಿಂದ ಸರಕಾರಕ್ಕೂ ದೇವರಿಗೂ ಜಗಳವಾಗಲಿಲ್ಲ. ಆದರೆ ಹನ್ನೆರಡು ಗಂಟೆಯ ಎಣಿಕೆ ಜಪದ ನಡುವೆ ಬರುತ್ತಿತ್ತು. ಆಫೀಸಿನ ಹೆಡ್‌ಫೋನಿಗೆ ಚರ್ಮದ ದಿಂಬುಗಳು. ಮಡಿಯಲ್ಲಿರುವವರು ಚರ್ಮವನ್ನು ಕಿವಿಗೆ ಒತ್ತಿಕೊಂಡು ಕೂಡುವುದು ಹೇಗೆ? ರಾಯರು ಹಳೆಯ ಸಾಮಾನಿನ ಜುನಾ ಬಾಜಾರಿಗೆ ಹೋಗಿ ಇನ್ನೊಂದು ಹೆಡ್‌ಫೋನ್ ತಂದರು. ಕರಿಯ ಬೇಕಲೈಟಿನದು, ಚರ್ಮದ ಸೋಂಕಿಲ್ಲ. ಒಳಗೆ ತಂತಿಯ ಸುರುಳಿಯ ಬದಲು ಒಂದು ಹರಳಿನ ಚೂರು ಕೂಡಿಸಿದ ಹೊಸ ಮಾದರಿ. ಶಾಸ್ತ್ರಕಾರರು ಬೇಕಲೈಟಿನ ವಿಷಯದಲ್ಲಿ ಏನೂ ವಿಧಿಸಿರದ ಕಾರಣ ಅದನ್ನು ಗಂಗಾಜಲ ಚಿಮುಕಿಸಿ ಶುದ್ಧ ಮಾಡಲಾಯಿತು. ತೀರಿಕೊಂಡ ಹೆಂಡತಿಯ ಪಟ್ಟೆಸೀರೆಯ ತುಂಡಿನಿಂದ ದಿಂಬು ಹೊಲಿಸಿದರು. ದಿನಾ ಒಗೆದು ಒಣಗಿಸುವುದು. ಕೆಲಸ ಮುಗಿದ ಮೇಲೆ ಹೆಡ್‌ಫೋನನ್ನು ಎತ್ತರದ ಗೂಟಕ್ಕೆ ಕೋಲಿನಿಂದ ಏರಿಸಿಡುವರು. ಮರುದಿನ ಕೋಲಿನಿಂದಲೇ ಇಳಿಸುವರು. ಬೇರೆ ಯಾರೂ ಮುಟ್ಟುವಂತಿಲ್ಲ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಮಡಿ ಕೋಲಿನಿಂದ ಇಳಿಸುತ್ತಿದ್ದ ಹೆಡ್‌ಫೋನ್ ಅದೊಂದೇ ಇರಬೇಕು.

ನಾನು ಇದನ್ನೆಲ್ಲ ನೋಡುತ್ತಿದ್ದೆ. ಎರಡು ಸಾವಿರ ಓಮಿನ ಜಾಗದಲ್ಲಿ ಇದು ಎಷ್ಟು ಓಮಿನದು ಎಂಬ ಪ್ರಶ್ನೆ ನನಗೆ ಬರಲಿಲ್ಲ. ಮಡಿಯ ವಸ್ತುವನ್ನು ಮುಟ್ಟಬಾರದೆಂಬುದು ಮೈಯಲ್ಲಿ ಎಷ್ಟು ಕೂತಿತ್ತೆಂದರೆ, ಅದರ ಬಗ್ಗೆ ಲೆಕ್ಕ ಹಾಕುವುದೂ ಮುಟ್ಟಿದಂತೆಯೇ ಅನ್ನಿಸಿರಬೇಕು.

ಚೈತ್ರ ಕಳೆದು ಬಿಸಿಲು ಏರಿತು. ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳು ಶುರುವಾದವು. ಧನಕವಡಿಯ ಆ ದಿಬ್ಬದ ಮೇಲೆ ನಡು ಮಧ್ಯಾಹ್ನ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ತಗಡು ಕಾದು ಒಮ್ಮೊಮ್ಮೆ ಠಣ್ ಎನ್ನುವುದು, ಅರಳಿಯೆಲೆ ಗಾಳಿಯಿಲ್ಲದೆಯೂ ಅಲುಗುವುದು, ಅಷ್ಟೇ. ಒಂದು ದಿನ ಎಣಿಕೆಯ ನಡುವೆ ರಾಯರ ಕೈಯ ಜಪಮಾಲೆ ನಿಂತಿತು.

"ತಮ್ಮಾ, ಇಲ್ಲಿ ಬಾ."

ಹೋದೆ. ಅವರು ಎರಡು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಮುಖದ ಬಣ್ಣ ಬೇರೆಯಾಗಿತ್ತು.

"ಮೂರು ಬಡದು, ತಡದು, ಒಂದು. ಮತ್ತ ಮೂರು... ತಡದ. ಒಂದು. ಯಾರ ಕೈ ಅದು, ಹೇಳು?"

"ಯಾರದ್ರಿ ರಾಯರ?"

"ನಮ್ಮ ಮನ್ಯಾಗ ಅಷ್ಟು ವರ್ಷ ಉಂಡು ನನ್ನ ಕೇಳ್ತೀಯಲ್ಲೊ."

ಕೇಳಬೇಕೆಂದೆ. ಅವರ ಹೆಡ್‌ಫೋನ್ ಕೊಡುವ ಮಾತಿಲ್ಲ. ಪ್ಲಗ್ಗಿನ ಜಾಗ ಒಂದೇ. ಅವರದನ್ನು ಅವರೇ ಕಿತ್ತರು, ನಾನು ಆಫೀಸಿನ ಚರ್ಮದ್ದನ್ನು ಸಿಕ್ಕಿಸಿ ಕೇಳಿದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟ್ ಚಟ್. ಟಿಣ್ ಎಂಬುದು ಎಲ್ಲಿಯೂ ಇಲ್ಲ. ಐದು ನಿಮಿಷ ಕೇಳಿದೆ. ಇಲ್ಲವೆಂದು ತಲೆಯಾಡಿಸಿದೆ. ಅವರು ತಮ್ಮದನ್ನು ಸಿಕ್ಕಿಸಿ ಕೇಳಿದ ಕೂಡಲೇ ಮುಖ ಅರಳಿತು.

"ನೀ ಬಂದ ಕೂಡ್ಲೆ ಅಂವ ಸುಮ್ಮಾಗ್ತಾನ. ಮೊದಲಿಂದ ಮಂದಿ ಮುಂದ ನಾಚಗಿ ಅವಗ."

ಅಂದಿನಿಂದ ದಿನಾ ಹೀಗೆಯೇ. ಅವರ ಕಿವಿಗೆ ಬರುತ್ತದೆ, ನನ್ನದಕ್ಕೆ ಇಲ್ಲ. ಶಿಪಾಯಿಗೆ ನಾವು ಏನೂ ಹೇಳಿರಲಿಲ್ಲ. ಆದರೂ ಅವನು ಒಂದು ದಿನ ಅರಳಿಮರದತ್ತ ಗದ್ದ ಎತ್ತಿ, "ಕಾಯ್ ಸಾಹೇಬ, ಆಲಾ ಕಾ ತೋ?" ಎಂದು ಕೇಳಿದ. ಬಂದನೇನು ಅವನು? ಯಾರ ವಿಷಯ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮರುದಿನ ಮರದ ಬುಡದಲ್ಲಿ ಮತ್ತೊಂದು ಕಾಯಿ ಒಡೆದಿತ್ತು.

ಆ ಗುರುವಾರ ಊಟವಾದ ಮೇಲೆ ರಾಯರು ಒಳಗೆ ಮಲಗಿದ್ದರು. ಸೊಸೆ, ಅತ್ತಿಗೆಯ ಸಲುಗೆಯಿಂದ ನಾನು ವೈನಿ ಎನ್ನುತ್ತಿದ್ದವರು, ತಾಟು ಎತ್ತುತ್ತ ಬಾಗಿಲ ಬಳಿ ನಿಂತರು.

"ಮಾವನವರು ದಿನಾ ಬಂದು ಹೇಳ್ತಾರ, ಇವತ್ತೂ ಬಂದಿದ್ದ ಅಂತ. ಬೆಳಗಾಂವಿಗೂ ಬರದಾರ, ಕರ್ಮ ಗಿರ್ಮ ಮಾತು ಎತ್ತಬ್ಯಾಡ್ರಿ, ಅಂವ ಮಾತಾಡ್ಲಿಕ್ಕತ್ಯಾನ ಅಂತ. ನಿಮಗ ಕೇಳಸ್ತದೇನ್ರಿ?"

"ಇಲ್ಲ ವೈನಿ."

"ಅವರಿಗೆ ಒಬ್ಬರಿಗೇ ಹೆಂಗ?"

ಎತ್ತಿದ ತಾಟನ್ನು ಅವರು ಹೊಸ್ತಿಲ ಬಳಿ ಇಳಿಸಿದರು.

"ನನ್ನ ಹಣಿ ಮ್ಯಾಲಿನ ಕುಂಕುಮ ಅದರ ಮ್ಯಾಲೆ ನಿಂತದ. ಅದು ನಿಂತ್ರ ಇದೂ ಹೋಗ್ತದ. ಹೋಗೂದಾದ್ರ ಹೋಗ್ಲಿ, ಖರೆ ಏನು ಅನ್ನೂದು ಗೊತ್ತಾಗ್ಲಿ. ದಿನಾ ಬೆಳಿಗ್ಗೆ ಕನ್ನಡಿ ಮುಂದ ಕೂತಾಗ ನಾ ಯಾರ ಹೆಂಡತಿ ಅನ್ನೂದು ತಿಳಿವಲ್ದು. ನೀವು ಕಲ್ತವರು. ಒಮ್ಮೆ ಆ ಮಡೀದರಾಗನ ಕೇಳಿ, ನನಗ ಬಂದು ಹೇಳ್ರಿ. ಅವರಿಗಲ್ಲ, ನನಗ."

ಹೂಂ ಎಂದು ಬಂದೆ.

ಅಷ್ಟರಲ್ಲಿ ಮೇಲಿನ ಸಾಹೇಬರ ಚೀಟಿ ಬಂತು. ನಮ್ಮ ಬೆಳಗಿನ ಮತ್ತು ಸಂಜೆಯ ಎಣಿಕೆ ಸರಿಯಿದೆ, ಮಧ್ಯಾಹ್ನದ್ದು ಮಾತ್ರ ಯಾವಾಗಲೂ ಕಡಿಮೆ. ಒಂದು ಬಿರುಗಾಳಿ ತಿಳಿಯದೆ ಹೋಯಿತು. ಹೊಸ ಫಿಲ್ಟರಿನಲ್ಲಿ ದೋಷವಿರುವಂತಿದೆ, ಪರೀಕ್ಷಿಸಿ ತಿಳಿಸತಕ್ಕದ್ದು. ನನ್ನ ಬಿಸ್ಕಿಟ್ ಡಬ್ಬಿಯ ಮೇಲೆ ಅಪವಾದ! ಎರಡು ವರ್ಷದಿಂದ ಕಾಣದ ಮನುಷ್ಯನಿಗಾಗಿ ನಾನು ಪಟ್ಟ ಸಂಕಟಕ್ಕಿಂತ ಆ ಚೀಟಿಯಿಂದ ಪಟ್ಟ ಸಂಕಟ ಹೆಚ್ಚು ಎಂದು ಇಲ್ಲಿ ನಾಚಿಕೆಯಿಂದ ನಮೂದಿಸುತ್ತೇನೆ.

ಮರುದಿನ ರಾಯರನ್ನು ಕೇಳಿದೆ, ಮಡಿಯಲ್ಲಿ ಬಂದರೆ ನಿಮ್ಮದರಲ್ಲೇ ಕೇಳಿಸಿಕೊಳ್ಳಬಹುದೇ ಎಂದು. ಅವರಿಗೆ ಸಂತೋಷವೇ ಆಯಿತು.

"ಇದನ್ನ ಮೊದ್ಲ ಕೇಳಬಾರದಿತ್ತೇನು? ಹೋಗು, ಸ್ನಾನ ಮಾಡಿ ಬಾ. ತಲೀ ಮ್ಯಾಲಿಂದ."

ಶಿಪಾಯಿ ನೀರು ಸೇದಿ ಸುರಿಯುತ್ತ, "ಸಾಹೇಬ, ಲಗ್ನ ಆಹೆ ಕಾ?" ಎಂದ. ಮದುವೆಯೇನು ಎಂದು. ಒದ್ದೆ ಪಂಚೆ ಹಿಂಡಿ ಸುತ್ತಿಕೊಂಡು, ಮೈಯಿಂದ ನೀರು ತೊಟ್ಟಿಕ್ಕುತ್ತ, ನಾನು ಸರಕಾರಿ ಉಪಕರಣದ ಮುಂದೆ ಕೂತೆ. ರಾಯರು ಕೋಲಿನಿಂದ ಹೆಡ್‌ಫೋನ್ ಇಳಿಸಿ ಕಿರೀಟದಂತೆ ನನ್ನ ತಲೆಗೆ ಇಟ್ಟರು.

ಮೊದಲು ಏನೂ ಇಲ್ಲ. ಆಮೇಲೆ ದೂರದ ಯಾವುದೋ ಖಾಲಿ ಕೋಣೆಯಲ್ಲಿ ಯಾರೋ ಕಂಚಿನ ತಾಟಿಗೆ ಚಮಚ ತಾಗಿಸಿದಂತೆ, ಟಿಣ್. ಸಾಸಿವೆಯ ಸದ್ದಲ್ಲ. ಸ್ವರವಿತ್ತು, ಕೊನೆಯಲ್ಲಿ ಎಳೆಯೂ ಇತ್ತು. ಮತ್ತೊಂದು. ಬಿಡಿಬಿಡಿಯಾಗಿ ಹಲವು. ನಂತರ, ನಾನು ಉಸಿರು ಹಿಡಿದು ಕೂತಿದ್ದಾಗ, ಟಿಣ್ ಟಿಣ್ ಟಿಣ್. ತಡೆ. ಟಿಣ್.

ಗುರುವಾರದ ಊಟದ ಪಂಕ್ತಿಯಲ್ಲಿ, ನನ್ನ ಪಕ್ಕದ ತಾಟಿನಲ್ಲಿ, ಎಷ್ಟೋ ಸಲ ಕೇಳಿದ ಸದ್ದು. ತಡೆಯೂ ಅಷ್ಟೇ, ಒಂದು ತುತ್ತು ನುಂಗುವಷ್ಟು. ಬಿಸಿಲು ಹೊರಗೆ ಕೊತಕೊತ ಕುದಿಯುತ್ತಿತ್ತು. ನನ್ನ ಒದ್ದೆ ಮೈಯ ಕೂದಲು ಒಂದೊಂದಾಗಿ ಎದ್ದವು. ಮತ್ತೆ ಬಂತು. ಮತ್ತೆ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಹಿಂದೆ ಯಾರೋ ಊಟಕ್ಕೆ ಕೂತಿರುತ್ತಾರೆಂದು ಅನ್ನಿಸಿತು.

"ಹೌದಲ್ಲೊ?" ಎಂದರು ರಾಯರು.

"ಹೌದ್ರಿ," ಎಂದೆ. ಆಗ ಬೇರೆ ಏನು ಹೇಳಲಿ?

ಅವರು ಸಮಾಧಾನದಿಂದ ಜಪದ ಸಾಮಾನು ಎತ್ತಿಡಲು ತೊಡಗಿದರು. ತಾಮ್ರದ ಪಂಚಪಾತ್ರೆಗೆ ಉದ್ಧರಣೆ ತಾಗಿ ಟಿಣ್ ಎಂದಿತು. ಎಳೆಯಿತು. ಅವರು ಅಂಗೈಯಿಂದ ಪಾತ್ರೆಯನ್ನು ಸುತ್ತಿ ಹಿಡಿದರು. ಸದ್ದು ಅಲ್ಲಿಗೇ ಸತ್ತಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಕಾಲೇಜಿನ ಪರೀಕ್ಷೆಯಲ್ಲಿ ಬರೆದ ಉತ್ತರ ಇಷ್ಟು ವರ್ಷದ ಮೇಲೆ ಸಾವಕಾಶವಾಗಿ ನಡೆದು ಬಂದು ನನ್ನ ಮುಂದೆ ಕೂತಿತು.

ಚರ್ಮದ ಹೆಡ್‌ಫೋನ್ ಎಂದರೆ ಪಾತ್ರೆಯ ಮೇಲಿನ ಅಂಗೈ. ಅದಿದ್ದರೆ ಮಿಂಚಿನ ಏಟು ಬಿದ್ದಾಗ ಫಿಲ್ಟರ್ ಚಟ್ ಎಂದು ಸುಮ್ಮನಾಗುತ್ತದೆ. ಹರಳಿನ ಹೆಡ್‌ಫೋನ್ ಹೆಚ್ಚುಕಡಿಮೆ ಏನನ್ನೂ ಎಳೆದುಕೊಳ್ಳುವುದಿಲ್ಲ. ಅಂಗೈ ತೆಗೆದ ಹಾಗೆ. ಏಟು ಬಿದ್ದೊಡನೆ ಸುರುಳಿ ಮತ್ತು ಕಂಡೆನ್ಸರು ಕೂಡಿ ಗಂಟೆಯಂತೆ ತಮ್ಮದೇ ಸ್ವರದಲ್ಲಿ ಬಾರಿಸುತ್ತವೆ. ಒಂದರ ಎಳೆಯಲ್ಲಿ ಇನ್ನೊಂದು ಮುಳುಗುವುದರಿಂದ ಎಣಿಕೆ ಕಡಿಮೆ. ಒಂದು ಮಿಂಚು ಎಂದು ನಮಗೆ ಕಾಣುವುದು ಮೂರು ನಾಲ್ಕು ಸಲ ಬೆನ್ನುಬೆನ್ನಿಗೆ ಹೊಡೆಯುವುದೂ ಉಂಟು; ಮೂರು, ತಡೆದು ಒಂದು. ಎಲ್ಲವೂ ಕೂಡಿಬಂತು. ನಾನು ಮಾಡಿದ ಡಬ್ಬಿಯೇ ಹಾಡುತ್ತಿತ್ತು.

ವೈನಿಗೆ ಹೇಳಬೇಕಾದ ಮಾತು ಸಿಕ್ಕಿತ್ತು. ಅವರಿಗೂ ಹೇಳಲಿಲ್ಲ, ರಾಯರಿಗೂ ಹೇಳಲಿಲ್ಲ. ಯಾರಿಗೂ ಹೇಳದೆ ಸರಿಮಾಡಿಬಿಟ್ಟರೆ ಸದ್ದು ತಾನಾಗಿಯೇ ಹೋದಂತಾಗುತ್ತದೆ, ರಾಯರು ನಿಧಾನವಾಗಿ ಮರೆಯುತ್ತಾರೆ, ಸಾಹೇಬರ ಚೀಟಿಗೂ ಉತ್ತರವಾಗುತ್ತದೆ ಎಂದು ಯೋಚಿಸಿದೆ. ಇದನ್ನು ನಾನು ಆಗ ದಯೆ ಎಂದುಕೊಂಡಿದ್ದೆ. ಆಫೀಸಿನ ಭಾಷೆಯಲ್ಲಿ ಇದಕ್ಕೆ "ದೋಷ ನಿವಾರಿಸಲಾಗಿದೆ" ಎನ್ನುತ್ತಾರೆ.

ಮಾರನೆಯ ಬೆಳಿಗ್ಗೆ ರಾಯರು ಬರುವ ಮುಂಚೆ ಗುಡಿಸಲಿಗೆ ಹೋದೆ. ಸ್ನಾನವಾಗಿತ್ತು, ಆದರೆ ದಾರಿಯಲ್ಲಿ ಚಹಾದಂಗಡಿಯಲ್ಲಿ ಭಜಿ ತಿಂದಿದ್ದೆ. ಮಡಿಯ ಮಾತೇ ಇಲ್ಲ. ಆ ಕೈಯಿಂದಲೇ ಹೆಡ್‌ಫೋನ್ ಇಳಿಸಿದೆ, ಕೋಲಿಲ್ಲದೆ. ಪ್ಲಗ್ಗಿನ ಕರಿಯ ಕವಚ ಬಿಚ್ಚಿ, ಅಂಗೈಯ ಬದಲಿಗೆ ಎರಡು ಸಾವಿರ ಓಮಿನ ಸಣ್ಣದೊಂದು ರೆಸಿಸ್ಟರನ್ನು ಎರಡು ತಂತಿಗಳ ನಡುವೆ ಬೆಸುಗೆ ಹಾಕಿ ಮುಚ್ಚಿದೆ. ಸಿಕ್ಕಿಸಿ ಕೇಳಿದೆ. ಚಟ್ ಚಟ್. ಒಳ್ಳೆಯ ಕೆಲಸ. ಗೂಟಕ್ಕೆ ಏರಿಸಿದೆ.

ಮಧ್ಯಾಹ್ನ ರಾಯರು ಸ್ನಾನ ಮಾಡಿ ಬಂದು ಕೂತರು. ಹನ್ನೆರಡಕ್ಕೆ ಹೆಡ್‌ಫೋನ್ ಹಾಕಿಕೊಂಡರು. ಎಣಿಸಿದರು, ಬರೆದರು. ಎಣಿಕೆ ಮುಗಿದ ಮೇಲೂ ತೆಗೆಯಲಿಲ್ಲ. ಜಪಮಾಲೆ ತೊಡೆಯ ಮೇಲೆ ಬಿದ್ದಿತ್ತು. ಅರ್ಧ ತಾಸು ಕಳೆದಿರಬೇಕು. ತಗಡು ಠಣ್ ಎಂದಾಗ ಒಮ್ಮೆ ಬೆಚ್ಚಿ ತಲೆ ಎತ್ತಿದರು, ಅಷ್ಟೇ. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು. ಗೂಟಕ್ಕೆ ಏರಿಸಲಿಲ್ಲ.

"ತಮ್ಮಾ, ಇವತ್ತ ತಿಥಿ ಯಾವುದು?"

"ವೈಶಾಖ ಬಹುಳ ಷಷ್ಠಿ, ರಾಯರ." ಹೇಳಿದ ಮೇಲೆ ಯಾಕೆ ಕೇಳಿದರೆಂಬುದು ಹೊಳೆಯಿತು.

ಅವರು ಎದ್ದು ಹಿಂದಿನ ಬಾವಿಗೆ ಹೋದರು. ಉಟ್ಟ ಬಟ್ಟೆಯ ಮೇಲೆಯೇ ಒಂದು ಕೊಡ ನೀರು ಸುರಿದುಕೊಂಡರು. ಆಗಲೇ ಒಮ್ಮೆ ಸ್ನಾನವಾಗಿದ್ದ ಮನುಷ್ಯ. ಸಾವಿನ ಸುದ್ದಿ ಕೇಳಿದವರು ಮಾಡುವ ಸ್ನಾನ ಅದು; ಸತ್ತ ದಿನ ಗೊತ್ತಿಲ್ಲದವರಿಗೆ ಸುದ್ದಿ ಕೇಳಿದ ದಿನವೇ ತಿಥಿ. ಶಿಪಾಯಿಗೂ ತಿಳಿಯಿತು, ತಲೆಯ ಮೇಲಿನ ಮುಂಡಾಸು ತೆಗೆದು ನಿಂತ.

"ರಾಯರ," ಎಂದೆ, "ಮಶೀನದಾಗ ಏನೋ..."

"ಮಶೀನ ಸರಿ ಅದ ತಮ್ಮಾ. ಇವತ್ತ ಭಾಳ ಸರಿ ಕೇಳಿಸ್ತು. ಏನೂ ಇಲ್ಲ ಅನ್ನೂದು ಇಷ್ಟು ಸ್ವಚ್ಛ ಎಂದೂ ಕೇಳಿಸಿರ್ಲಿಲ್ಲ." ಗಡ್ಡದಿಂದ ನೀರಿಳಿಯುತ್ತಿತ್ತು. "ನಿನ್ನೆ ನೀನೂ ಕೇಳಿದಿ. ನಿನಗೂ ಭೆಟ್ಟಿಯಾಗಿ ಹೋದ ಅನ್ನು. ಛಲೋ ಆತು."

ಅವರು ಸೈಕಲ್ ಹತ್ತಲಿಲ್ಲ, ಅದನ್ನು ತಳ್ಳಿಕೊಂಡು ಪುಣೆಯ ದಾರಿ ಹಿಡಿದರು. ಸಂಜೆಗೆ ಬೆಳಗಾವಿಗೆ ತಾರು ಹೋಯಿತು.

ಮರುದಿನ ಬೆಳಿಗ್ಗೆ ನಾನು ಓಡಿಹೋಗಿ ಬೆಸುಗೆ ಬಿಚ್ಚಿ ರೆಸಿಸ್ಟರ್ ಕಿತ್ತು ಹಾಕಿದೆ. ಸದ್ದು ಮತ್ತೆ ಬಂದರೆ ರಾಯರನ್ನು ಕರೆತಂದು ಎಲ್ಲ ವಿವರಿಸಬಹುದೆಂದು. ಮಧ್ಯಾಹ್ನ ನಾನೇ ಆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಟಿಣ್ ಎಂಬ ಸ್ವರ ಬಂತು. ಅದೇ ಸ್ವರ, ಅದೇ ಎಳೆ. ಒಂದು, ಎರಡು, ಒಮ್ಮೊಮ್ಮೆ ಐದು. ಮೂರು, ತಡೆದು ಒಂದು, ಎಂಬುದು ಮಾತ್ರ ಬರಲಿಲ್ಲ. ಆ ದಿನ ಬರಲಿಲ್ಲ. ಮರುದಿನವೂ ಇಲ್ಲ. ಹನ್ನೊಂದು ದಿನ ಕೇಳಿದೆ. ಮಳೆಗಾಲ ಹತ್ತಿರ ಬಂದು ಮಿಂಚಿನ ರೀತಿ ಬದಲಾಗಿತ್ತು ಎಂದು ದಾಖಲೆ ಪುಸ್ತಕದಲ್ಲಿ ಬರೆದಿದ್ದೇನೆ, ಸಹಿಯೂ ಮಾಡಿದ್ದೇನೆ. ಆ ಕಾರಣ ಸರಿಯಾದದ್ದೇ. ಆದರೆ ಭಜಿ ತಿಂದ ಕೈಯಿಂದ ಮುಟ್ಟಿದೆನಲ್ಲ ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂದು ತಿಳಿಯಲಿಲ್ಲ.

ಕರ್ಮವಾಯಿತು. ಮುತ್ತುಗದ ಎಲೆಗಳನ್ನು ಜೋಡಿಸಿ ಮನುಷ್ಯನ ಆಕಾರ ಮಾಡಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು ಸುಟ್ಟರು. ಹದಿಮೂರನೆಯ ದಿನ ಊಟಕ್ಕೆ ಹೋದೆ. ವೈನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಹಣೆಯಲ್ಲಿ ಕುಂಕುಮವಿದ್ದ ಜಾಗ ಸುತ್ತಲಿನ ಮುಖಕ್ಕಿಂತ ತಿಳಿಯಾಗಿತ್ತು.

"ನಾ ಕೇಳಿದ್ದಕ್ಕ ಉತ್ತರ ಕೊಡಲಿಲ್ಲ ನೀವು."

ಹೇಳಿದೆ. ಡಬ್ಬಿ, ಹರಳು, ಅಂಗೈ, ರೆಸಿಸ್ಟರ್ ಎಲ್ಲವನ್ನೂ. ಅದು ಅವರಲ್ಲ, ನನ್ನ ಯಂತ್ರದ ದೋಷ. ನಾನೇ ಸರಿಮಾಡಿದೆ ಎಂದೆ.

"ಯಾವತ್ತು?"

"ಷಷ್ಠಿ ದಿನ."

ಅವರು ಒಮ್ಮೆ ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿದರು.

"ಮಾವನವರಿಗೆ ಹೇಳಬ್ಯಾಡ್ರಿ. ಎರಡು ವರ್ಷ ಆದ ಮ್ಯಾಲೆ ಈಗ ನಿದ್ದಿ ಮಾಡ್ಲಿಕ್ಕತ್ಯಾರ. ನನಗ ಕೇಳೂದಿತ್ತು, ಕೇಳಿದೆ. ನೀವು ಅವತ್ತ ನನಗ ಬಂದು ಹೇಳಿದ್ರೂ ಹಣಿ ಹಿಂಗ ಆಗ್ತಿತ್ತು. ಆದ್ರ ನಾನ ತಿಳದು ಅಳಿಸಿಕೊಂಡಂಗ ಆಗ್ತಿತ್ತು." ಒಳಗೆ ಹೊರಟವರು ತಿರುಗಿ ನಿಂತರು. "ವರ್ಷಾ ವರ್ಷಾ ಆ ತಿಥಿಗೆ ಊಟಕ್ಕ ಬ್ರಾಹ್ಮಣ ಬೇಕಾಗ್ತದ. ನೀವ ಬರಬೇಕು. ಆ ತಿಥಿ ಗೊತ್ತು ಮಾಡಿದವರು ನೀವು."

ವರ್ಷ ತುಂಬಿದ ದಿನ ಹೋದೆ. ಮಗನ ಶ್ರಾದ್ಧವನ್ನು ತಂದೆ ಮಾಡುವುದು ರೂಢಿಯಲ್ಲ. ಬೇರೆ ಯಾರೂ ಇರಲಿಲ್ಲವಾದ್ದರಿಂದ ರಾಯರೇ ಕೂತರು. ಬ್ರಾಹ್ಮಣರಿಗೆ ಎರಡು ಮಣೆ: ಒಂದು ದೇವತೆಗಳ ಸ್ಥಾನ, ಒಂದು ಸತ್ತವನ ಸ್ಥಾನ. ಪುರೋಹಿತರು ನನಗೆ ಮೊದಲನೆಯದನ್ನು ತೋರಿಸಿದರು. ಒಳಗಿನಿಂದ ವೈನಿ, "ಅವರು ಇನ್ನೊಂದರ ಮ್ಯಾಲೆ ಕೂಡ್ಲಿ," ಎಂದರು.

ಕೂತೆ. ರಾಯರು ಮುಂದೆ ಬಂದು, ಬಗ್ಗಿ, ನನ್ನ ಕಾಲು ತೊಳೆದರು. ನನ್ನಲ್ಲಿ ಮಗನನ್ನು ಆವಾಹನೆ ಮಾಡುವ ಮಂತ್ರ ಹೇಳುವಾಗ ಅವರು ನನ್ನ ಮುಖವನ್ನು ನೋಡಿದ ರೀತಿಗೆ ನಾನು ಕಣ್ಣು ಕೆಳಗಿಳಿಸಿದೆ. ಉಪವಾಸದಿಂದ ಕೈ ನಡುಗುತ್ತಿತ್ತು. ನೀರು ತೆಗೆಯಲು ಉದ್ಧರಣೆಯನ್ನು ಪಂಚಪಾತ್ರೆಗೆ ಹಾಕಿದಾಗ ಅದು ಅಂಚಿಗೆ ತಾಗಿತು. ಟಿಣ್ ಟಿಣ್ ಟಿಣ್. ಕೈ ಒಂದು ಕ್ಷಣ ನಿಂತಿತು. ಒಂದು ತುತ್ತು ನುಂಗುವಷ್ಟು. ಟಿಣ್.

ಒಳಗೆ ಪಾತ್ರೆಗಳ ಸದ್ದು ನಿಂತಿತು. ರಾಯರು ತಲೆ ಎತ್ತಲಿಲ್ಲ. ಪಂಚಪಾತ್ರೆ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು; ಅಂಗೈ ಚಾಚಿದರೆ ಸಾಕು, ಸುಮ್ಮನಾಗುತ್ತಿತ್ತು. ಚಾಚಲಿಲ್ಲ. ಅದು ಎಳೆದು, ಎಳೆದು, ತಾನಾಗಿ ಮುಗಿಯುವ ತನಕ ನಾವು ಮೂವರೂ ಕೇಳಿದೆವು.